ಒಣತೂಕ

ಹದಿನೇಳು ವರ್ಷ ಹೆರಿಗೆ ವಾರ್ಡು.
ಆರಿಸಿಕೊಂಡೆ ಅಂದರೆ ಸುಳ್ಳಾದೀತು.
ಟ್ರೈನಿಂಗ್ ಮುಗಿದ ದಿನ ಮೇಟ್ರನ್ ಬಾಯಿ
ಪಟ್ಟಿಯಿಂದ ತಲೆಯೆತ್ತದೆ ಕೇಳಿದ್ದರು, ಎಲ್ಲಿಗೆ ಹಾಕಲಿ?
ಆಪರೇಷನ್ ಥಿಯೇಟರಿಗೆ ಫ್ಲೋರಿನ್ ಹೋಗಿಯಾಗಿತ್ತು.
ಇಲ್ಲಿಯ ಕಿಟಕಿಯಿಂದ ಒಂದು ಚೂರು ಸಮುದ್ರ ಕಾಣುತ್ತಿತ್ತು.
ಇಲ್ಲಿಗೇ, ಎಂದೆ.

ಆಮೇಲೆ ಕೈಗೆ ಅದೇ ರೂಢಿ.
ಹೊಟ್ಟೆಯ ಮೇಲೆ ಕೊಳವೆ ಊರಿ, ಕಿವಿಯಿಟ್ಟು
ಒಳಗಿನ ಕುದುರೆಯೋಟ ಎಣಿಸುವುದು,
ಬೈಯುವುದು, ಬೆವರು ಒರೆಸುವುದು,
ಇನ್ನೊಂದು ಸಲ, ಇನ್ನೊಂದೇ ಸಲ,
ಜಾರುವ ಜೀವವನ್ನು ಹಿಡಿದು ತಕ್ಕಡಿಗೆ ಹಾಕಿ
ಹೊರಗೆ ಕಾದವರಿಗೆ ಕೇಳುವಂತೆ ಕೂಗುವುದು:
ಎರಡು ಎಂಟುನೂರು! ಮೂರು ನೂರು!
ಕಾರವಾರದ ಅರ್ಧಕ್ಕರ್ಧ ಮಕ್ಕಳ ತೂಕ
ಲೋಕಕ್ಕೆ ಮೊದಲು ಹೇಳಿದ್ದು ನನ್ನ ಗಂಟಲು.

ಮೂರನೇ ದಿನ ಅವರೆಲ್ಲ ಹೋಗುತ್ತಿದ್ದರು,
ಬಿಣಗಾಕ್ಕೆ, ಮಾಜಾಳಿಗೆ, ಹೊಳೆಯಾಚೆ ಸದಾಶಿವಗಡಕ್ಕೆ.
ರವಿವಾರದ ಸಂತೆಯಲ್ಲಿ ಎದುರಾದರೆ
ನನಗೆ ಗುರುತು ಹತ್ತುತ್ತಿರಲಿಲ್ಲ, ಅವರಿಗೂ.
ಸೀರೆಯುಟ್ಟು ನಿಂತ ಮುಖಗಳು ಬೇರೆಯೇ ಇರುತ್ತವೆ.

ಯಾಕೆ ಬಿಟ್ಟೆ, ಎಂದು ತಂಗಿ ಕೇಳುತ್ತಾಳೆ.
ಹುಡುಕಿದೆ, ದೊಡ್ಡ ಕಾರಣವೇನೂ ಸಿಗಲಿಲ್ಲ.
ಒಂದು ಬೆಳಗಿನ ಜಾವ, ನಾಲ್ಕೂ ಹತ್ತಕ್ಕೆ,
ಗಡಿಯಾರ ನೋಡಿ ಹುಟ್ಟಿದ ಹೊತ್ತು ಬರೆದೆ;
ಮುಖ ನೋಡಲು ಮರೆತಿದ್ದೆ.
ಯಾರೂ ತಪ್ಪೆನ್ನಲಿಲ್ಲ.
ತಪ್ಪಾಗಿಯೂ ಇರಲಿಲ್ಲ.

ನಲವತ್ತೊಂದಕ್ಕೆ ಮತ್ತೆ ಬೆಂಚು, ಡಯಾಲಿಸಿಸ್ ಪಾಠ.
ಪಕ್ಕದಲ್ಲಿ ಸ್ಮಿತಲ್. ನನ್ನ ಕೈಯಲ್ಲೇ ಹುಟ್ಟಿದವಳೇನೋ,
ಲೆಕ್ಕ ಹಾಕಿದೆ, ಇಲ್ಲ, ನಾಲ್ಕು ವರ್ಷ ಮೊದಲಿನವಳು.
ಅವಳು ಯಂತ್ರದ ಗುಂಡಿಗಳನ್ನು ಮೊಬೈಲಿನಂತೆ ಒತ್ತುತ್ತಾಳೆ.
ನಾನು ಪ್ರತಿ ಕೊಳವೆಗೂ ಕ್ಷಮೆ ಕೇಳುವವಳ ಹಾಗೆ.
ಇಲ್ಲಿ ಯಾರೂ ಕೂಗುವುದಿಲ್ಲ, ಯಂತ್ರ ಮಾತ್ರ.
ಸೂಜಿ ಎರಡು: ಒಂದರಲ್ಲಿ ನೆತ್ತರು ಹೊರಟು
ನಾಲ್ಕು ತಾಸು ಅಲೆದು
ಇನ್ನೊಂದರಲ್ಲಿ ಮನೆಗೆ ಬರುತ್ತದೆ.

ಫಿಸ್ಟುಲಾ ಮುಟ್ಟಿ ನೋಡಿ, ಅಂದರು ಟ್ಯೂಟರ್.
ಶಾಣೂ ತಾಂಡೇಲರ ಎಡ ಮುಂಗೈ,
ಬಲೆ ಎಳೆದೆಳೆದು ಹಗ್ಗವಾದದ್ದು.
ಎರಡು ಬೆರಳಿಟ್ಟೆ. ಗುರ್ರೆಂದಿತು.
ಬೈತಖೋಲದಿಂದ ದೋಣಿ ಹೊರಟಾಗ
ಹಲಗೆಗೆ ಕಿವಿಯಿಟ್ಟರೆ ಹೀಗೇ ಸಿಸ್ಟರ್, ಎಂದರು ಅವರೇ.
ನನಗೆ ನೆನಪಾದದ್ದು ಬೇರೆ,
ಹೇಳಲಿಲ್ಲ.

ಸೋಮವಾರ, ಗುರುವಾರ, ಅದೇ ಎಂಟು ಹಾಸಿಗೆ, ಅದೇ ಜನ.
ಯಾರ ಮಗಳ ನಿಶ್ಚಿತಾರ್ಥ ಮುರಿಯಿತು,
ಯಾರ ಬೆಕ್ಕು ಬಂಗಡೆ ಕದ್ದು ಓಡಿತು, ಎಲ್ಲ ಗೊತ್ತು.
ಅಂಕೋಲೆಯ ಬುದವಂತ ಗೌಡರಿಗೆ ಎಳನೀರು ಬೇಡವೆಂದೆ.
ಮನೆಯೇ ತೆಂಗಿನಡಿಗೆ, ಬೀಳುವ ಕಾಯಿಗೆ ಏನು ಹೇಳಲಿ, ಎಂದರು.
ಒಂದು ಕಡೆ ಕಾಳಿ, ಒಂದು ಕಡೆ ಕಡಲು ಇರುವ ಊರಲ್ಲಿ
ದಿನಕ್ಕೆ ಮೂರು ಲೋಟ,
ಗಂಜಿಯ ತಿಳಿಯೂ ಲೆಕ್ಕಕ್ಕೆ.

ಹೋದ ಗುರುವಾರ ಶಾಣೂ ತಾಂಡೇಲ ತಕ್ಕಡಿ ಹತ್ತಿದರು.
ಒಣತೂಕ ಐವತ್ತನಾಲ್ಕು. ಮುಳ್ಳು ಅಲ್ಲಿ ನಿಲ್ಲಲಿಲ್ಲ.
ಹಳೆಯ ಗಂಟಲು, ನನ್ನನ್ನು ಕೇಳದೆಯೇ, ಕೂಗಿತು:
ಎರಡು ಎಂಟುನೂರು!
ಎಂಟೂ ಹಾಸಿಗೆ ಇತ್ತ ತಿರುಗಿತು.
ತಾಂಡೇಲ ಹೊಟ್ಟೆ ಸವರಿಕೊಂಡು ಕೇಳಿದರು,
ಗಂಡೋ, ಹೆಣ್ಣೋ?

ನಕ್ಕೆವು. ಸ್ಮಿತಲ್ ಅಂತೂ ಟ್ರೇ ಕೆಳಗಿಟ್ಟು.
ಆಮೇಲೆ ಒಂದೊಂದೇ ಒಪ್ಪಿಕೊಂಡರು:
ಭಾವನ ಮಗಳ ಮದುವೆ, ಸೋಲ್‌ಕಡಿ ನಾಲ್ಕು ಲೋಟ,
ಬರುವ ದಾರಿಯಲ್ಲಿ ಅರ್ಧ ಕಲ್ಲಂಗಡಿ.
ಸೂಜಿ ಹಾಕಿದ್ದು ನಾನೇ, ಮೊದಲ ಸಲ ಒಬ್ಬಳೇ.
ಬೆನ್ನ ಹಿಂದೆ ಟ್ಯೂಟರ್ ಉಸಿರು ಬಿಗಿಹಿಡಿದದ್ದು
ಕೇಳಿಸುತ್ತಿತ್ತು.

ನಾಲ್ಕು ತಾಸಿನಲ್ಲಿ ಆ ಎರಡು ಎಂಟುನೂರು
ಸದ್ದಿಲ್ಲದೆ, ಹೆಸರಿಲ್ಲದೆ ಚರಂಡಿಗೆ ಇಳಿದುಹೋಯಿತು.
ಹೊತ್ತು ಬರೆಯುವ ಮುಂಚೆ
ಮುಖ ನೋಡಿದೆ.
ಗಡ್ಡ ಬೋಳಿಸಿರಲಿಲ್ಲ. ನಿದ್ದೆ ಹತ್ತಿತ್ತು.
ಅಂಗಿಯ ಮಡಿಕೆಯಲ್ಲಿ
ಕಲ್ಲಂಗಡಿಯ ಕಪ್ಪು ಬೀಜವೊಂದು.