ಅರ್ಧ ಚುಕ್ಕೆ

ಒಂಬತ್ತನೇ ಕ್ಲಾಸು, ಕನ್ನಡ ವಿಭಾಗ, ಏಳೇ ಮಂದಿ.
ಕುಂಬಳೆಗೆ ರೈಲು ಬಂದಾಗಲೆಲ್ಲ ಕಿಟಕಿ ನಡುಗುತ್ತದೆ,
ಗೋಡೆಯ ಭೂಪಟವೂ.
ನಾನು ಇಲ್ಲೇ ಕಲಿಯುತ್ತಿದ್ದಾಗ ತೂಗುಹಾಕಿದ್ದು;
ಸೋವಿಯತ್ತು ಇನ್ನೂ ಇಡಿಯಾಗಿದೆ ಅದರಲ್ಲಿ,
ಮಡಿಕೆ ಹರಿದಲ್ಲಿ ಮಾತ್ರ ಬಿರುಕು.

ಜೋವಿಟಾ ಕ್ರಾಸ್ತಳ ಪ್ರಾಜೆಕ್ಟು:
ರಷ್ಯನ್ ಆಡುವಲ್ಲಿ ಕೆಂಪು,
ಇಂಡೋನೇಷಿಯನ್ ಆಡುವಲ್ಲಿ ಹಸಿರು.
ಕೆಂಪು ಪೆನ್ಸಿಲು ಬೆಳಿಗ್ಗೆಯೇ ಮೋಟಾಯಿತು.
ಹಸಿರಿನ ಮೊನೆ ಹಾಗೇ ಇದೆ.
"ಇಷ್ಟೇಯಾ ಟೀಚರೇ ಇದು?
ಸೊಳ್ಳೆ ಕಚ್ಚಿದ ಹಾಗೆ ಉಂಟು."

ಆಡುವವರ ತಲೆ ಎಣಿಸಿದರೆ
ಎರಡೂ ಹೆಚ್ಚುಕಡಿಮೆ ಒಂದೇ ತೂಕ, ಅಂದೆ.
ಅವಳು ನಂಬಲಿಲ್ಲ. ನನಗೂ ಅದು
ಗೈಡಿನಿಂದ ಓದಿದ ಹಾಗೆ ಕೇಳಿಸಿತು.

ಸಂಜೆ ಸ್ಟೇಷನ್ನಿನೆದುರು ಚಾಯದ ಅಂಗಡಿಯಲ್ಲಿ
ಆರಿಕ್ಕಾಡಿಯ ಅಂದುಂಞಿಚ್ಚನನ್ನು ಕೇಳಿದೆ.
ಮೂವತ್ತೊಂದು ವರ್ಷ ಕಪ್ಪಲಿನಲ್ಲಿ ಭಂಡಾರಿ;
ಅವರ ಭೂಗೋಳವೆಲ್ಲ ಉಪ್ಪು, ಎಣ್ಣೆ, ಮೀನು.

ವ್ಲಾದಿವೊಸ್ತೋಕಿನಲ್ಲಿ ಎಂಜಿನ್ ಕೆಟ್ಟು ಒಂದು ತಿಂಗಳು.
ಅಲ್ಲಿ ರೈಲು ಹತ್ತಿದರೆ ಏಳು ದಿನ,
ಏಳನೆಯ ದಿನವೂ ರೊಟ್ಟಿಗೆ ಖ್ಲೆಬ್ ಎಂದೇ ಅನ್ನುತ್ತಾರಂತೆ.
"ನಾವು ಇಲ್ಲಿಂದ ಉಪ್ಪಳ ಮುಟ್ಟುವುದರೊಳಗೆ
ಒಂದು ಮೀನಿಗೆ ಮೂರು ಹೆಸರು ಮೋಳೇ."
ನಡುವೆ ಗಂಟೆಗಟ್ಟಲೆ ಬಿಳಿ ನೆಲ, ಬಿಳಿ ಮರ.
ಆ ಹಿಮಕ್ಕೂ ಕೆಂಪು ಬಳಿದಿದ್ದೇವೆ ನಾವು,
ಯಾರೂ ಒಂದು ಮಾತೂ ಆಡದ ಹಿಮಕ್ಕೆ.

ಸುರಬಾಯದ್ದು ಬೇರೆ ಕಥೆ.
ಅಕ್ಕಿ ತೂಗುವ ಹೆಂಗಸು ಇವರೊಡನೆ
ಅನ್ನಕ್ಕೆ ನಾಸಿ ಅಂದಳು,
ತಿರುಗಿ, ಕಾಲಿಗೆ ಜೋತ ಮಗನಿಗೆ ಸೆಗೊ ಅಂದಳು.
ಅಂಗಡಿಗೊಂದು, ಮಡಿಲಿಗೊಂದು.
ಮುಂದಿನ ದ್ವೀಪದಲ್ಲಿ ಮಡಿಲಿನದ್ದು ಬದಲಾಯಿತು,
ಅಂಗಡಿಯದ್ದು ದೋಣಿ ಹತ್ತಿ ಜೊತೆಗೇ ಬಂತು.
ಹಡಗಿಗೆ ಅಲ್ಲಿ ಕಪಲ್.
"ನಮ್ಮ ಕಪ್ಪಲೇ. ಒಂದು ಪಕಾರ ಕಡಲಿಗೆ ಬಿದ್ದದ್ದು."
ಚಾಯಕ್ಕೆ ತೇ. ರಷ್ಯದಲ್ಲಿ ಚಾಯ್.
ನೆಲದ ಮೇಲೆ ನಡೆದು ಹೋದ ಸೊಪ್ಪು ಚಾಯ್ ಆಯಿತು,
ನೀರು ದಾಟಿದ್ದು ತೇ.
ಹಾಗಾದರೆ ನಮ್ಮದು? ಅಂದೆ.
ಗ್ಲಾಸೆತ್ತಿ ಬೆಳಕಿಗೆ ಹಿಡಿದರು:
"ಇದಾ? ಇದು ಸಕ್ಕರೆ ಹೆಚ್ಚಾದದ್ದು."

ಮರುದಿನ ಜೋವಿಟಾ ತಂದದ್ದು ಜಿಲ್ಲೆಯ ನಕ್ಷೆ,
ಬರೀ ಗೆರೆ, ಒಳಗೆ ಖಾಲಿ.
"ಕನ್ನಡಕ್ಕೆ ಎಲ್ಲಿವರೆಗೆ ಹಚ್ಚಲಿ?"

ಗೆರೆ ಎಳೆದದ್ದು ನಾನು ಹುಟ್ಟುವ ಮೊದಲು.
ಅಲ್ಮಾಟಿಯ ಸಂತೆಯಲ್ಲೂ ಹೀಗೇ ಇರಬಹುದು:
ರಾಜ್ಯ ಎದ್ದು ಹೋಗಿದೆ, ಮಾತು ಕೂತಿದೆ.
ಇಲ್ಲ, ಹೋಲಿಕೆ ಕುಂಟುತ್ತದೆ.
ಅದು ಆಳಿದ ಮಾತು,
ಇದು ಅರ್ಜಿ ಬರೆಯುವ ಮಾತು.
ಮತ್ತೆ ನನ್ನನ್ನು ಬೈದು ಬೆಳೆಸಿದ್ದು ತುಳು,
ಬಸ್ಸಿನಲ್ಲಿ ಚಿಲ್ಲರೆ ಕೇಳುವುದು ಮಲಯಾಳ;
ಕನ್ನಡ ನನಗೆ ದೋಣಿ ಹತ್ತಿ ಬಂದದ್ದು,
ಆರನೇ ವರ್ಷಕ್ಕೆ, ಒದ್ದೆ ಸ್ಲೇಟಿನ ಮೇಲೆ.
ಬಂದದ್ದು ವಾಪಸು ಹೋಗಲಿಲ್ಲ.

"ಬಳಿಯಬೇಡ, ಚುಕ್ಕೆ ಇಡು" ಅಂದೆ.

ನೀರ್ಚಾಲಿಗೆ ಒತ್ತೊತ್ತಾಗಿ ಇಟ್ಟಳು, ಕುಂಬ್ಡಾಜೆಗೆ,
ಬಂದ್ಯೋಡಿಗೆ ಎರಡು, ಯೋಚಿಸಿ ಇನ್ನೊಂದು,
ಚಂದ್ರಗಿರಿಯಾಚೆ ಅಲ್ಲೊಂದು ಇಲ್ಲೊಂದು, ದ್ವೀಪದ ಹಾಗೆ.
ಬೇಳದಲ್ಲಿ ತನ್ನ ಮನೆ ಬಂತು. ಕೈ ನಿಂತಿತು.
"ನಮ್ಮಲ್ಲಿ ಕೊಂಕಣಿ ಟೀಚರೇ.
ತೇರ್ಸ, ಜಗಳ, ಎಲ್ಲ.
ಮಗ್ಗಿ ಮಾತ್ರ ನನಗೆ ಕನ್ನಡದಲ್ಲೇ ಬರುವುದು."
ಅಂದು ಅರ್ಧ ಚುಕ್ಕೆ ಇಟ್ಟಳು.

ಅರ್ಧ ಚುಕ್ಕೆ ಹೇಗಿರುತ್ತದೆಂದು ಈವರೆಗೆ ನೋಡಿರಲಿಲ್ಲ ನಾನು:
ಮೊನೆ ಮುಟ್ಟಿ, ಒತ್ತದೆ ಎತ್ತಿದ ಗುರುತು.

"ನಿಮ್ಮ ಮನೆ ಎಲ್ಲಿ ಬರುತ್ತದೆ?" ಎಂದು ಕೇಳಿದಳು.
ಬೆರಳಿಟ್ಟು ತೋರಿಸಿದೆ.