ನಾಕು, ಎರಡು, ಒಂದು

ಬೆಟಗೇರಿ ನೇಕಾರರ ಸಂಘದ ಮಾಳಿಗೆಯಲ್ಲಿ
ಮೂರಕ್ಕೆ ಕೂತವಳು, ಈಗ ಏಳೂವರೆ.
ಸೀರೆಯ ಫೋಟೊ ಒಂದೂ ಏರಲೊಲ್ಲದು.
ಪರದೆ ಹೇಳುವುದು ಒಂದೇ ಮಾತು,
ಬ್ಯಾಂಕಿನ ಗುಮಾಸ್ತನಂತೆ, ಮುಖ ಎತ್ತದೆ:
ಅನುಮತಿ ಇಲ್ಲ.

ಅಧ್ಯಕ್ಷ ಬಾಕಳೆಯವರು ಎರಡು ಸಲ ಬಂದು ಬಾಗಿಲಲ್ಲಿ ನಿಂತರು.
"ಏನವಾ ದಿಲಶಾದ, ರೊಕ್ಕಾ ಕೊಟ್ಟ ತಗೊಂಡ ಜಾಗಾ.
ನಮ್ಮ ಜಾಗಾದಾಗ ನಮ್ಮ ಸೀರಿ ಇಡಾಕ
ಯಾರ ಪರವಾನಿಗಿ ಬೇಕ?"

ವಿಠೋಬನದು ಬೇಕು.
ಪಗಾರಕ್ಕೆ ಜಗಳಾಡಿ ಹೋದ ವರ್ಷ
ಹುಬ್ಬಳ್ಳಿ ಬಸ್ಸು ಹತ್ತಿದ ವಿಠೋಬ ಕಬಾಡಿ,
ಫೈಲುಗಳೆಲ್ಲ ಇನ್ನೂ ಅವನ ಹೆಸರಲ್ಲೇ ಇವೆ.
ಸೈಟು ನಡೆಸುವ ಬಡಪಾಯಿಗೋ ಹೆಸರೇ ಇಲ್ಲ,
'ಯಾರೂ ಅಲ್ಲ' ಎಂದೇ ಸರ್ವರು ಅವನನ್ನು ಕರೆಯುತ್ತದೆ.
ಯಾರೂ ಅಲ್ಲದವನು ಬಂದು ಕದ ತಟ್ಟಿದರೆ
ಯಾವ ಫೋಲ್ಡರು ತೆರೆದೀತು?

ಒಡೆಯ, ಗುಂಪು, ಮಿಕ್ಕವರು.
ಓದಲು ನಾಕು, ಬರೆಯಲು ಎರಡು, ನಡೆಸಲು ಒಂದು.
ಕೂಡಿಸಿದರೆ ಏಳು.
ಏಳು ಏಳು ಏಳು ಎಂದು ಹೊಡೆದುಬಿಟ್ಟರೆ
ಎಲ್ಲರಿಗೂ ಎಲ್ಲ, ನನಗೆ ಎಂಟರ ಟಂಟಂ.

ವಿಠೋಬನೂ ಒಮ್ಮೆ ಹಾಗೇ ಮಾಡಿ ಮನೆಗೆ ಹೋಗಿದ್ದನಂತೆ.
ಬೆಳಗಾಗುವುದರಲ್ಲಿ ಸೆರಗು ಇರಬೇಕಾದಲ್ಲಿ
ಯಾವುದೋ ದೇಶದ ಜೂಜಿನ ಜಾಹೀರಾತು.
ಮೊದಲು ನೋಡಿ ಫೋನು ಮಾಡಿದವರು
ಬಾಕಳೆಯವರ ಬೀಗರು.

ಎತ್ತಿದ ಬೆರಳು ಇಳಿಸಿದೆ.

ಕೆಳಗೆ ಕುಣಿಮಗ್ಗ ನಿಂತ ಸದ್ದು.
ತುಳಜವ್ವ ಚಹಾ ತಂದಳು, ಕಪ್ಪಿನ ಮೇಲೆ ಬಸಿ ಮುಚ್ಚಿ,
ಬಗ್ಗಿ ನೋಡಿ, ಏನವು ಅಂಕಿ ಅಂದಳು.
ಹೇಳಿದೆ. ನಕ್ಕಳು.
"ನನಗ ಓದಾಕ ಬರಂಗಿಲ್ಲ, ಬರಿಯಾಕೂ ಇಲ್ಲ.
ಮಗ್ಗ ನಡಸಾಕ ಬರತೈತಿ ಅಷ್ಟ.
ಹಂಗಾರ ನಾ ಒಂದು."

ಒಂದು.
ಗಂಡ ತೀರಿ ಆರು ವರ್ಷ, ಮಗ್ಗ ಅವನ ಹೆಸರಲ್ಲೇ,
ಮಜೂರಿ ಚೀಟಿಗೆ ಮೈದುನನ ಸಹಿ.
ಯಾವ ಎಳೆ ಎಲ್ಲಿ ಏಳಬೇಕು
ಅವಳ ಕಾಲ್ಬೆರಳಿಗೆ ಗೊತ್ತು, ಪುಸ್ತಕಕ್ಕೆ ಗೊತ್ತಿಲ್ಲ.
ಏನು ಹೇಳಲೂ ತೋಚದೆ ಚಹಾ ಕುಡಿದೆ.
ಸಕ್ಕರೆ ಜಾಸ್ತಿಯಾಗಿತ್ತು.

ಕಡೆಗೆ ರೂಟ್ ಪಾಸ್‌ವರ್ಡು ಸಿಕ್ಕಿದ್ದು
ಬಾಕಳೆಯವರ ಹಳೇ ಡೈರಿಯಲ್ಲಿ, ಜರಿಯ ದರದ ಕೆಳಗೆ.
ಒಡೆತನ ಬದಲಿಸಲು ಒಂದೇ ಸಾಲು ಸಾಕು.
ವಿಠೋಬನ ಹೆಸರು ತೆಗೆದೆ, ಸಂಘದ್ದು ಬರೆದೆ.
ಆ ಯಾರೂ ಅಲ್ಲದವನನ್ನು ಗುಂಪಿಗೆ ಸೇರಿಸಿದೆ.
ಏಳು, ಏಳು, ಐದು.
ಅಪರಿಚಿತರೇ, ಬನ್ನಿ, ನೋಡಿ, ಮುಟ್ಟಬೇಡಿ.

ಏರಿತು. ದಾಳಿಂಬೆ ಬಣ್ಣದ ಒಡಲು,
ಪರಾಸಪೇಟ ದಡಿ, ಸ್ವಲ್ಪ ಮಸುಕು.
ಕೆಳಗೊಂದು ಖಾಲಿ ಖಾನೆ: ನೆಯ್ದವರು.
ಅಧ್ಯಕ್ಷರು ಕೊಟ್ಟ ಪಟ್ಟಿಯಲ್ಲಿ ಸತ್ತವನ ಹೆಸರು ಇತ್ತು.

"ಏನ ಬರದಿ?"
"ನಿನ್ನ ಹೆಸರು."
ಎಳೆ ಹರಿದಿದೆಯೇ ಎಂದು ಹಾಸು ತಡವುವ ಹಾಗೆ
ತುಳಜವ್ವ ಪರದೆಯ ಮೇಲೆ ಬೆರಳಾಡಿಸಿದಳು,
ಕೇಳಿದಳು, "ಇದರಾಗ ಯಾವದು ತು?"

ತೋರಿಸಿದೆ.
ನಾಳೆ ಬಾಕಳೆಯವರು ಕೇಳುತ್ತಾರೆ, ಗೊತ್ತು.
ಬರೆಯುವ ಅನುಮತಿ ನನಗಿತ್ತು ಅನ್ನುತ್ತೇನೆ.