ಒಗ್ಗರಣೆಯಿಲ್ಲದ ವರದಿ

ಫ್ರೆಸ್ನೋ ಊರಿನ ಹಳೆಯ ಹಲ್ಲಿನ ಆಸ್ಪತ್ರೆ
ಈಗ ತರಬೇತಿಯ ಕೊಠಡಿ.
ಗೋಡೆಯ ಮೇಲೆ ಇನ್ನೂ ದವಡೆಯ ಚಿತ್ರ.
ಇಪ್ಪತ್ತನಾಲ್ಕು ಗಂಟೆಯ ಪಾಠ, ಏಳು ಜನ ನಾವು,
ಹೆತ್ತವರು ಮಗುವನ್ನು ನೋಡುವಾಗ
ಅವರನ್ನು ನೋಡುವುದು ಹೇಗೆಂದು ಕಲಿಯಲು.

ನಾನು ಅರಾಕ್ಸಿ. ಇಪ್ಪತ್ತೆರಡು ವರ್ಷ ಶಾಲೆಯ ಬಸ್ಸು ಓಡಿಸಿದವಳು,
ಮಕ್ಕಳನ್ನೆಲ್ಲ ಕನ್ನಡಿಯಲ್ಲೇ ಕಂಡವಳು.
ಯಾರು ಅಳುತ್ತಾರೆ, ಯಾರು ಪಕ್ಕದವನ ಡಬ್ಬಿಗೆ ಕೈ ಹಾಕುತ್ತಾರೆ
ತಿರುಗದೆಯೇ ಬೆನ್ನಿಗೆ ಗೊತ್ತಾಗುತ್ತಿತ್ತು.
ಇದೇನು ಮಹಾ, ಅಂದುಕೊಂಡು ಬಂದೆ.

ವರ್ಲೀನ್ ಮೇಡಂ ಮೊದಲ ದಿನವೇ ಕೆಂಪು ಪೆನ್ನು ಹಿಡಿದಳು.
ನಾನು ಬರೆದಿದ್ದೆ: 'ಅಪ್ಪನನ್ನು ಕಂಡು ಮಗು ಖುಷಿಪಟ್ಟಿತು.'
ಖುಷಿ ನಿನಗೆ ಕಂಡಿತೇ? ಯಾವ ಬಣ್ಣ?
ಓಡಿತೇ, ನಕ್ಕಿತೇ, ಎಷ್ಟು ಹೆಜ್ಜೆ, ಎಷ್ಟು ಹೊತ್ತಿಗೆ,
ಅದನ್ನು ಬರಿ. ಒಗ್ಗರಣೆ ಬೇಡ.
ನ್ಯಾಯಾಧೀಶರು ಹಸಿದು ಬಂದಿಲ್ಲ.

ಅಮ್ಮನ ಕಾರು ಹಿಂದಿನ ಗೇಟಿಗೆ, ಅಪ್ಪನದು ಮುಂದಿನದಕ್ಕೆ,
ನಡುವೆ ಹದಿನೈದು ನಿಮಿಷದ ಗೋಡೆ.
ಪಿಸುಮಾತು ಕೂಡದು. ನಮಗೆ ಬಾರದ ಭಾಷೆ ಕೂಡದು.
'ಮುಂದಿನ ವಾರ ಮನೆಗೆ ಹೋಗೋಣ' ಎನ್ನುವುದು
ಅಪ್ಪನ ತುಟಿಗೆ ಬರುವ ಮೊದಲೇ
ಬಣ್ಣದ ಪೆನ್ಸಿಲು ಚಾಚಿ ಮಾತಿನ ದಾರಿ ತಪ್ಪಿಸಬೇಕು.
ಯಾರಿಂದಲೂ ಏನನ್ನೂ ತೆಗೆದುಕೊಳ್ಳಬಾರದು,
ಒಂದು ಚೂಯಿಂಗ್ ಗಮ್ ಕೂಡ.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರಬೇಕು;
ಎಣ್ಣೆ ಮಿನುಗುವುದು ಮಾತ್ರ ಕಾಣಬಾರದು.

ಮೂರನೆಯ ದಿನ ನಾಟಕ. ನೆಂಗ್ ಅಪ್ಪ, ನಾನು ಐದು ವರ್ಷದ ಮಗಳು.
ಅರವತ್ತರ ಮಂಡಿ ಮಡಚಿ ಚಾಪೆಯ ಮೇಲೆ ಕೂತೆ.
ಎಲ್ಲರೂ ನಕ್ಕರು. ನೆಂಗ್ ನಗಲಿಲ್ಲ.
ಅಪ್ಪಿಕೊಳ್ಳುವ ಮೊದಲು ಮಗುವನ್ನು ಕೇಳಬೇಕು, ಪಾಠ ಹಾಗಿದೆ.
ಕೈ ಚಾಚಿ ಅಲ್ಲೇ ನಿಂತು ಅವನು ಕೇಳಿದ.
ಹೂಂ ಅನ್ನಲು ಯಾಕೋ ಬಾಯಿ ಬರಲಿಲ್ಲ ನನಗೆ.
ಬೇಡ, ಅಂದೆ.
ಚಾಚಿದ ಕೈ ಎಲ್ಲಿಡಬೇಕೆಂದು ತಿಳಿಯದೆ
ಅವನು ತನ್ನ ಬೆಲ್ಟು ಸರಿಮಾಡಿಕೊಂಡ.
'ಬೆಲ್ಟು! ಬರೆದುಕೊಂಡಿರಾ?' ಎಂದಳು ವರ್ಲೀನ್.
ನೋಡುತ್ತಿದ್ದ ಐವರಲ್ಲಿ ಒಬ್ಬಳು ಮಾತ್ರ ಬರೆದಿದ್ದಳು.

ಕೊನೆಗೆ ನಿಜದ ಶನಿವಾರ.
ಪಕ್ಕದಲ್ಲಿ ವರ್ಲೀನ್, ಎದುರಿಗೆ ಎಲೆಯುತೇರಿಯೋ,
ಇಸ್ತ್ರಿಯ ಗೆರೆ ಇನ್ನೂ ಮುರಿಯದ ಅಂಗಿ.
ಹಣ್ಣು ತುಂಬುವ ಶೆಡ್ಡಿನ ಕೆಲಸ; ಉಗುರ ಸಂದಿಯಲ್ಲಿ ಹಳದಿ.
ಎರಡು ಗಂಟೆಗೆ ಯಾರೆತ್ಸಿ ಬರಬೇಕು.
ಎರಡು ಐದು. ಹೊರಗೆ ಕಾರಿನ ಸದ್ದು. ಬೇರೆಯವರದು.
ಎರಡು ಎಂಟಕ್ಕೆ ಜೇಬಿನಿಂದ ಕಿತ್ತಳೆ ತೆಗೆದ,
ಸಿಪ್ಪೆಯನ್ನು ಒಂದೇ ಸುರುಳಿಯಾಗಿ ಬಿಡಿಸಿದ,
ತೊಳೆಗಳ ಬಿಳಿ ನಾರು ಒಂದೊಂದೇ ಕಿತ್ತ.
'ಅವಳಿಗೆ ನಾರು ಸೇರುವುದಿಲ್ಲ'
ಎಂದು ಮೇಜಿಗೆ ಹೇಳಿದ.
ಎರಡು ಹದಿನೈದು. ಕಾಯುವ ನಿಯಮ ಅಲ್ಲಿಗೆ ಮುಗಿಯಿತು.
ಕಾಗದದ ಕರವಸ್ತ್ರದ ಮೇಲೆ ಸಾಲಾಗಿ ಜೋಡಿಸಿದ ತೊಳೆಗಳನ್ನು
ನನ್ನತ್ತ ಸರಿಸಿದ.
ಬೇಡವೆಂದು ತಲೆಯಾಡಿಸಿದೆ.
ವರ್ಲೀನ್ ನೋಡುತ್ತಿದ್ದಳು, ಅವನನ್ನಲ್ಲ, ನನ್ನನ್ನು.

ಬರೆದೆ: '2.00, ತಂದೆ ಹಾಜರು. 2.15, ಮಗು ಬಂದಿಲ್ಲ.
ಭೇಟಿ ನಡೆಯಲಿಲ್ಲ.'
ಕಿತ್ತಳೆಯನ್ನು ಬರೆಯಬೇಕೇ? ಕಣ್ಣಾರೆ ಕಂಡದ್ದು ತಾನೇ,
ಅದರಲ್ಲಿ ಖುಷಿಯ ಹೆಸರಿಲ್ಲ, ದುಃಖದ ಹೆಸರಿಲ್ಲ.
'ತಂದೆ ಒಂದು ಹಣ್ಣು ಸುಲಿದರು. ತಿನ್ನಲಿಲ್ಲ.'

ಕೆಂಪು ಪೆನ್ನು ಆ ಸಾಲಿನ ಮೇಲೆ ತಡೆದು ನಿಂತಿತು.
ಹೊಡೆದುಹಾಕುತ್ತಾಳೆ ಅಂದುಕೊಂಡೆ.
'ತೊಳೆ ಎಷ್ಟು?'
'ಹನ್ನೊಂದು.'
'ಎಣಿಸಿದ್ದೀಯ. ಮತ್ತೇಕೆ ಬಿಟ್ಟೆ?'